ಎದೆಬಡಿತಕ್ಕೊಂದು ಸುಂಕ

2057ರ ಆಗಸ್ಟ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಹುಬ್ಬಳ್ಳಿಯ ಸಮಭಾವ ಆಸ್ಪತ್ರೆಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಅವಳ ತಂದೆ, ಸರಕುಗಾಡಿ ಓಡಿಸುವ ಇರ್ಫಾನ್ ನದಾಫನಿಂದ ಒಂದು ಡಬ್ಬಿ ಮದ್ದಿಗೆ ನಾಲ್ಕು ಸಾವಿರದ ಇನ್ನೂರು ರೂಪಾಯಿ ತೆಗೆದುಕೊಳ್ಳಲಾಯಿತು. ಅವನ ಹಿಂದೆಯೇ ನಿಂತಿದ್ದ ಇನ್ನೊಬ್ಬನಿಗೆ, ಮನೆಯಲ್ಲೊಂದು ಇರಲಿ ಎಂದು ಕೊಳ್ಳಲು ಬಂದವನಿಗೆ, ಅದೇ ಮದ್ದನ್ನು ಒಂದು ಸಾವಿರದ ನೂರು ರೂಪಾಯಿಗೆ ಕೊಡಲಾಯಿತು. ಇಬ್ಬರ ರಸೀದಿಯಲ್ಲೂ ಇದ್ದದ್ದು ಒಂದೇ ಸಾಲು: ಔಷಧಿ, ಡಬ್ಬಿ ಒಂದು.

ಮದ್ದು ಕೊಡುವ ಕಿಂಡಿಯ ಗಾಜಿನ ಹಿಂದೆ ತೊಗರಿಬೇಳೆಯಷ್ಟು ಗಾತ್ರದ ಒಂದು ಕಣ್ಣಿತ್ತು. ಅದರ ಹೆಸರು ತ್ವರೆಮಾಪಕ. ಎದೆ ಬಡಿದಾಗಲೆಲ್ಲ ಮುಖದ ಚರ್ಮದಡಿ ರಕ್ತ ನುಗ್ಗಿ ಸರಿಯುತ್ತದೆ. ಆಗ ಚರ್ಮದ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಬದಲಾವಣೆ ಅದಕ್ಕೆ ಕಾಣುತ್ತಿತ್ತು. ಅದರಿಂದ ನಾಡಿಯನ್ನು ಎಣಿಸಿ, ದನಿಯ ನಡುಕ, ಹಿಗ್ಗಿದ ಕಣ್ಣಪಾಪೆ, ಗಾಜಿಗೆ ಒತ್ತಿದ ಬೆರಳಿನ ಬೆವರು ಇವನ್ನೆಲ್ಲ ಸೇರಿಸಿ, ಸೊನ್ನೆಯಿಂದ ನೂರರೊಳಗೆ ಒಂದು ಸಂಖ್ಯೆ ಕೊಡುತ್ತಿತ್ತು. ಈ ಮನುಷ್ಯನಿಗೆ ಎಷ್ಟು ತ್ವರೆ, ಅಂದರೆ ಅವನು ಎಷ್ಟು ಕಾಯಲಾರ ಎಂಬುದರ ಅಳತೆ ಅದು. ಹಿಂದೆ ನಿಂತವನದು ಹನ್ನೆರಡು. ಇರ್ಫಾನನದು ತೊಂಬತ್ತಮೂರು. ಕಾಯಲಾರದವನಿಗೆ ಬೆಲೆ ಹೆಚ್ಚು.

ಆ ಸಂಖ್ಯೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ. ಇಪ್ಪತ್ತಮೂರು ವರ್ಷಗಳ ಹಿಂದೆ ಸರಕಾರ ‘ಒಂದೇ ಬೆಲೆ ಕಾಯ್ದೆ’ ತಂದಿತ್ತು. ಟಿಕೆಟಿಗೆ ಸೌಕರ್ಯ ಶುಲ್ಕ, ಊಟಕ್ಕೆ ಪ್ಯಾಕಿಂಗ್ ಶುಲ್ಕ, ಮಳೆ ಬಂದರೆ ಮಳೆ ಶುಲ್ಕ ಎಂದು ಕಿತ್ತು ತಿನ್ನುತ್ತಿದ್ದ ಕಾಲದಲ್ಲಿ ಜನ ಬೀದಿಗಿಳಿದು ಪಡೆದ ಕಾಯ್ದೆ. ಇನ್ನು ಮುಂದೆ ರಸೀದಿಯಲ್ಲಿ ಯಾವ ಶುಲ್ಕವನ್ನೂ ಬೇರೆಯಾಗಿ ಸೇರಿಸಿ ತೋರಿಸುವಂತಿಲ್ಲ, ಒಂದೇ ಬೆಲೆ ಇರಬೇಕು ಎಂದಿತು ಅದು. ಅಂದು ಊರೂರಲ್ಲಿ ಪೇಡೆ ಹಂಚಿದರು. ಆ ಪೇಡೆ ತಿಂದವರಲ್ಲಿ ಒಬ್ಬರೂ ಕಾಯ್ದೆಯನ್ನು ಎರಡನೆಯ ಸಲ ಓದಲಿಲ್ಲ. ಓದಿದ್ದರೆ ತಿಳಿಯುತ್ತಿತ್ತು: ಅದು ಶುಲ್ಕ ತೋರಿಸುವುದನ್ನು ನಿಷೇಧಿಸಿತ್ತು. ಕೀಳುವುದನ್ನಲ್ಲ.

ತ್ವರೆಮಾಪಕವನ್ನು ಕಂಡುಹಿಡಿದದ್ದು ಧಾರವಾಡದ ಡಾ. ನಿರುಪಮಾ ಬಡಿಗೇರ. ಇರ್ಫಾನನ ಘಟನೆಯಾಗಿ ಹತ್ತು ದಿನಕ್ಕೆ ಅವಳ ಪ್ರಯೋಗಾಲಯಕ್ಕೆ ಸಮಭಾವ ಕಂಪನಿಯ ಅಭಿನವ ಹೆಬಸೂರ ಬಂದ. ಇಸ್ತ್ರಿ ಹಾಕಿದ ಮಾತಿನ ಮನುಷ್ಯ.

“ಮೇಡಂ, ಒಂದು ಸಣ್ಣ ಸೋರಿಕೆ ಇದೆ,” ಎಂದ. ಮೇಜಿನ ಮೇಲೆ ಚಿತ್ರವೊಂದನ್ನು ಹರಡಿದ. ಅರವತ್ತು ದಾಟಿದ ಹೆಂಗಸು, ಹಣೆಯ ತುಂಬ ಕುಂಕುಮ, ಕಿಂಡಿಯ ಮುಂದೆ ಆಕಳಿಸುತ್ತಿದ್ದಾಳೆ. “ದ್ಯಾಮವ್ವ ಹಾದಿಮನಿ. ಆಸ್ಪತ್ರೆಯ ಗೇಟಿನಲ್ಲಿ ಚಾಪೆ, ಬಕೆಟ್ಟು ಮಾರುತ್ತಾಳೆ. ಎರಡು ವರ್ಷದಲ್ಲಿ ಮೂರು ಸಾವಿರ ಸಲ ನಮ್ಮ ಕಿಂಡಿಗೆ ಬಂದಿದ್ದಾಳೆ. ಒಂದು ಸಲ ಬಿಟ್ಟರೆ ಸಂಖ್ಯೆ ಹದಿನೈದು ದಾಟಿಲ್ಲ.”

“ಆಕಿಗೆ ಅಷ್ಟು ಏನು ರೋಗ?”

“ರೋಗವೇ ಇಲ್ಲ. ಬೇರೆಯವರಿಗಾಗಿ ಕೊಳ್ಳುತ್ತಾಳೆ. ರೋಗಿಯ ಕಡೆಯವರು ಬಂದರೆ ಸಂಖ್ಯೆ ಏರುತ್ತದೆ. ಈಕೆ ತಣ್ಣಗೆ ಬಂದು ತಣ್ಣಗೆ ಹೋಗುತ್ತಾಳೆ. ನಮಗೆ ಬರಬೇಕಾದ್ದು ಬರುವುದಿಲ್ಲ.”

“ಅದಕ್ಕ ದುಡ್ಡು ತಗೋತಾಳೇನು?”

“ಇಲ್ಲ.” ಹೆಬಸೂರ ಚಿತ್ರವನ್ನು ತನ್ನತ್ತ ಎಳೆದುಕೊಂಡ. “ಅದೇ ನಮಗೂ ಅರ್ಥವಾಗದ್ದು.”

ಬುಧವಾರ, ಆಗಸ್ಟಿನ ಆ ಮಂಗಳವಾರದ ಮರುದಿನ, ಇದೇ ದ್ಯಾಮವ್ವ ಒಂದು ಡಬ್ಬಿ ಮದ್ದಿಗೆ ಬಂದಾಗ ಮಾತ್ರ ಸಂಖ್ಯೆ ತೊಂಬತ್ತೇಳಕ್ಕೆ ಹಾರಿತ್ತು. ಯಂತ್ರ ಅನುಮಾನದಿಂದ ಹಳೆಯ ಲೆಕ್ಕವನ್ನೆಲ್ಲ ತೆಗೆದು ನೋಡಿ ಅವಳನ್ನು ಹಿಡಿದುಕೊಟ್ಟಿತ್ತು. ಈಗ ಬೆಲೆ ನ್ಯಾಯಮಂಡಳಿಯಲ್ಲಿ ವಂಚನೆಯ ಮೊಕದ್ದಮೆ. ಸೋತರೆ ಐದು ವರ್ಷ ‘ಕಿಂಡಿ ಬಂದ್’. ಅಂದರೆ ಊರಿನ ಯಾವ ಕಿಂಡಿಯೂ ಅವಳ ಮುಖಕ್ಕೆ ತೆರೆಯದು. ರೇಷನ್ನಿಲ್ಲ, ಬಸ್ಸಿಲ್ಲ, ಅವಳದೇ ಸಕ್ಕರೆ ಕಾಯಿಲೆಯ ಗುಳಿಗೆಯಿಲ್ಲ.

ಹೆಬಸೂರನಿಗೆ ಎರಡು ಕೆಲಸವಾಗಬೇಕಿತ್ತು. ಒಂದು, ನಿರುಪಮಾ ಮಂಡಳಿಯ ಮುಂದೆ ಒಂದು ವರದಿ ಓದಬೇಕು: ತ್ವರೆಯ ಸಂಖ್ಯೆ ಬೆಲೆಯಲ್ಲಿ ಕರಗಿಹೋಗಿರುತ್ತದೆ, ಅದನ್ನು ಬೇರೆ ಶುಲ್ಕವೆಂದು ತೆಗೆದು ತೋರಿಸಲು ವಿಜ್ಞಾನಕ್ಕೂ ಸಾಧ್ಯವಿಲ್ಲ ಎಂದು. ಎರಡು, ಅವಳು ಹೊಸದೊಂದು ಅಂಗ ಜೋಡಿಸಿಕೊಡಬೇಕು. ಅದಕ್ಕೆ ಹೆಸರೂ ಇಟ್ಟಾಗಿತ್ತು, ‘ಪರಿಚಯ ಪರದೆ’. ಬೆಲೆ ಕಾಣುವ ಮೊದಲು ಕಿಂಡಿಯ ಗಾಜಿನ ಮೇಲೆ ರೋಗಿಯ ಮುಖ, ಹೆಸರು, ವಯಸ್ಸು ಮೂಡುತ್ತದೆ. ಕೊಳ್ಳಲು ಬಂದವರು ಅದನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಅಳತೆ.

“ಯಾಕ?” ಎಂದಳು ನಿರುಪಮಾ. ಉತ್ತರ ಗೊತ್ತಿದ್ದೇ ಕೇಳಿದಳು.

“ಗೊತ್ತಿಲ್ಲದವರಿಗಾಗಿ ಯಾರ ಎದೆಯೂ ಬಡಿಯುವುದಿಲ್ಲ ಮೇಡಂ. ಗೊತ್ತು ಮಾಡಿಸಿದರೆ ಬಡಿಯುತ್ತದೆ.”

ತನ್ನ ಯಂತ್ರವನ್ನು ಹೀಗೆ ಬಳಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಪ್ರಯೋಗಾಲಯದ ಹೊಸ ಮಾಳಿಗೆ ಕಟ್ಟಿದ್ದು ಯಾರ ದುಡ್ಡಿನಿಂದ ಎಂಬುದೂ ಗೊತ್ತಿತ್ತು. ಹದಿನಾರು ವರ್ಷ ಅವಳು ಕೇಳಿರಲಿಲ್ಲ, ಅಷ್ಟೆ. ಕೇಳದೆ ಇರುವುದನ್ನು ಓದಿದವರು ಬಹಳ ಅಚ್ಚುಕಟ್ಟಾಗಿ ಮಾಡುತ್ತಾರೆ.

“ಆ ಹೆಂಗಸನ್ನ ನೋಡಿ ಆಮ್ಯಾಲೆ ಹೇಳ್ತೀನಿ,” ಎಂದಳು.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ಗೇಟಿನ ಬಳಿ ದ್ಯಾಮವ್ವ ಬಕೆಟ್ಟುಗಳನ್ನು ಒಂದರೊಳಗೊಂದು ಕೂರಿಸುತ್ತಿದ್ದಳು. ತೀರ್ಪು ಬರುವವರೆಗೆ ಅವಳಿಗೆ ಕಿಂಡಿ ತೆರೆದೇ ಇತ್ತು.

“ಚಾಪಿ ಬೇಕೇನ್ರಿ ಬಾಯಾರ? ವಾರ್ಡಿನಾಗ ನೆಲಾ ತಂಡಿ ಐತಿ.”

“ಚಾಪಿ ಬ್ಯಾಡ್ರಿ. ನಿಮ್ಮ ಕೂಡ ಮಾತಾಡಬೇಕಿತ್ತು.”

“ಮಾತಿಗೆ ಇನ್ನೂ ರೇಟ್ ಹಚ್ಚಿಲ್ಲ. ಆ ಬಕೀಟ ಡಬ್ಬ ಹಾಕ್ಕೊಂಡು ಕುಂಡ್ರಿ.”

ನಿರುಪಮಾ ಕೂತಳು. ಅಷ್ಟರಲ್ಲಿ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ ಚೀಟಿ ಹಿಡಿದು ಬಂದಳು. “ಅವ್ವಾ, ನಮ್ಮನಿಯವ್ರಿಗೆ…” ಎನ್ನುತ್ತಿದ್ದಂತೆ ದ್ಯಾಮವ್ವ ಅಂಗೈ ಅಡ್ಡ ಹಿಡಿದಳು.

“ಶ್! ಯಾರಿಗೆ ಅಂತ ಹೇಳಬ್ಯಾಡ. ಚೀಟಿ ಕೊಡು, ರೊಕ್ಕಾ ಕೊಡು, ಅತ್ತಾಗ ಮಾರಿ ಮಾಡಿ ನಿಂದ್ರು. ನೀ ಅತ್ತಿ ಅಂದ್ರ ನಿನ್ನ ನೋಡಿ ನಂಗೂ ಅಳು ಬರ್ತೈತಿ. ಆಮ್ಯಾಲೆ ಇಬ್ಬರ್ದೂ ರೇಟ್ ಏರ್ತೈತಿ.”

ಹೋದಳು. ಐದು ನಿಮಿಷಕ್ಕೆ ಮದ್ದಿನ ಚೀಲ ಆಡಿಸುತ್ತ ಬಂದಳು. ಆ ಹೆಂಗಸು ಕಾಲು ಮುಟ್ಟಲು ಬಗ್ಗಿದರೆ, “ಏ ಹೋಗಬೇ, ಮೊದಲ ಒಳಗ ಕೊಡು ಹೋಗು,” ಎಂದು ಗದರಿಸಿ ಕಳಿಸಿದಳು.

“ಹೆಂಗ ಮಾಡ್ತೀರಿ ಇದನ್ನ?”

“ಇದರಾಗೇನು ಮಂತ್ರ ಐತೇನ್ರೀ? ಕಿಂಡಿಗೆ ಹೋಗೂಮುಂದ ನನ್ನ ಬಕೀಟ ಎಣಿಸ್ತೀನಿ. ಕೆಂಪು ಎಷ್ಟು ಉಳದಾವು, ನೀಲಿ ಎಷ್ಟು. ಹೆಸರ ಗೊತ್ತಿಲ್ಲಂದ್ರ ಚೀಟಿ ಬರೇ ಹಾಳಿ. ಹೆಸರ ಗೊತ್ತಾತಂದ್ರ ಅದು ಒಂದು ಕೂಸಾಗ್ತೈತಿ.” ನಕ್ಕಳು. ಆಮೇಲೆ ನಗು ನಿಂತಿತು. “ಆ ಗಾಡಿ ಹುಡುಗ, ಇರ್ಫಾನ್, ಮೊದಲನೇ ಡಬ್ಬಿಗೆ ಕೈಯಾಗಿದ್ದಷ್ಟೂ ಸುರದಿದ್ದ. ಎರಡನೇದಕ್ಕ ನನ್ನ ಕಡೆ ಓಡಿ ಬಂದ. ನಾ ಕೈ ಅಡ್ಡ ಹಿಡಿಯೂದ್ರಾಗ ಬಾಯಿ ಬಿಟ್ಟಬಿಟ್ಟ. ‘ಮುಬೀನಾಗ ಬೇಕವ್ವಾ, ನಿನ್ನ ಕಡೆ ಗುಲಾಬಿ ಚೊಂಬು ತಗೊಂಡಿದ್ಲಲ್ಲ, ಆಕಿಗೆ’ ಅಂದ. ಹಿಂದಿನ ದಿನ ಬಂದಿತ್ರೀ ಅದು. ಉಸಿರ ಸಿಗವಲ್ದು, ಅಂಥಾದ್ರಾಗ ನನ್ನ ಕೂಡ ಚೌಕಾಸಿ! ಐದು ರೂಪಾಯಿ ಬಿಡು ಅಜ್ಜಿ, ನಿಂಗ ದುವಾ ಮಾಡ್ತೀನಿ ಅಂತಿತ್ತು.”

“ಬಿಟ್ರಿ?”

“ಹತ್ತು ಬಿಟ್ಟೆ. ಅದ ನಾ ಮಾಡಿದ ತಪ್ಪು. ಕಿಂಡಿ ಮುಂದ ನಿಂತು ಕೆಂಪು ಎಣಿಸಿದೆ, ನೀಲಿ ಎಣಿಸಿದೆ. ಎಲ್ಲಾದರಾಗೂ ಆ ಗುಲಾಬಿ ಚೊಂಬ ಕಾಣಾಕ ಹತ್ತಿತು. ಗಾಜಿನ ಮ್ಯಾಲೆ ಬಂತು ನೋಡ್ರಿ ರೇಟು, ಐದು ಸಾವಿರಾ ನೂರು. ಹಡದ ಅಪ್ಪಗಿಂತ ಹೆಚ್ಚು! ನಾ ಗಾಜಿಗೆ ಗುದ್ದಿದೆ. ವಾಚಮನ್ ಬಂದು ಹಿಡಕೊಂಡ. ಕಡೀಕ ಎದುರಿನ ಚಹಾದಂವ ಹೋಗಿ ತಂದ. ಅವಗ ಹೆಸರ ಗೊತ್ತಿರಲಿಲ್ಲ.”

ಮಗು ಉಳಿಯಿತು. ಉಳಿದದ್ದರಿಂದ ಸಮಭಾವದ ವಕೀಲರಿಗೆ ಒಂದು ವಾದವೂ ಸಿಕ್ಕಿತು: ಯಾರಿಗೂ ಹಾನಿಯಾಗಿಲ್ಲ.

ನಿರುಪಮಾ, “ಆ ಮಷೀನ್ ಮಾಡಿದಾಕಿ ನಾನ ರೀ,” ಎಂದಳು.

ದ್ಯಾಮವ್ವ ಅವಳ ಮುಖವನ್ನೇ ನೋಡಿದಳು. “ಏಳ್ರಿ,” ಎಂದಳು. “ನನ್ನ ಬಕೀಟ ಕೊಡ್ರಿ.”

ನಿರುಪಮಾ ಎದ್ದಳು. ದ್ಯಾಮವ್ವ ಬಕೆಟ್ಟನ್ನು ಎತ್ತಿಕೊಂಡು, ಸೆರಗಿನಿಂದ ಅದರ ತಳ ಒರೆಸಿ, ಉಳಿದವುಗಳ ಸಾಲಿಗೆ ಇಟ್ಟಳು. ಒಂದೂ ಬೈಗುಳವಿಲ್ಲ. ಬೈದಿದ್ದರೆ ನಿರುಪಮಾಗೆ ಸುಲಭವಾಗುತ್ತಿತ್ತು.

“ಯಾಕ ಮಾಡಿದ್ರಿ ಅದನ್ನ?” ಎಂದು ದ್ಯಾಮವ್ವ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ನಮ್ಮಪ್ಪ ಬಡಿಗ್ಯಾ. ಎದಿ ನೋವು ಅಂತ ದವಾಖಾನಿಗೆ ಬಂದು, ಯಾರಿಗೂ ತ್ರಾಸ ಕೊಡಬಾರದು ಅಂತ ಬೆಂಚಿನ ಮ್ಯಾಲೆ ಸುಮ್ಮನ ಕುಂತಿದ್ದ. ಚೀರಾಡೋರನ್ನ ಮೊದಲ ಕರದ್ರು. ಅಪ್ಪ ಕುಂತಲ್ಲೇ ಹೋದ. ಬಾಯಿ ಬಿಟ್ಟು ಹೇಳದವ್ರ ತ್ರಾಸ ಡಾಕ್ಟರಿಗೆ ಗೊತ್ತಾಗಲಿ, ಅವ್ರನ್ನ ಮೊದಲ ಒಳಗ ಕರೀಲಿ ಅಂತ ಮಾಡಿದ್ದೆ.”

ದ್ಯಾಮವ್ವ ಈಗ ತಿರುಗಿದಳು. “ನಿಮ್ಮಪ್ಪನ ಸಲುವಾಗಿ ಮಾಡಿದ್ದನ್ನ ಅಂಗಡ್ಯಾವನ ಕೈಯಾಗ ಕೊಟ್ರಲ್ರೀ, ನನ್ನವ್ವಾ.”

ಆ ಭಾನುವಾರ ನಿರುಪಮಾ ಅಪ್ಪನ ಹತಾರದ ಪೆಟ್ಟಿಗೆ ತೆಗೆದಳು. ಉಳಿ, ಕೀಸುಳಿಗಳ ಕೆಳಗೆ ತಳಕ್ಕೆ ಹಾಸಿದ್ದ ಕಾಗದಗಳ ನಡುವೆ ಒಂದು ಉದ್ದನೆಯ ರಸೀದಿ ಸಿಕ್ಕಿತು. ಮೂವತ್ತು ವರ್ಷದ ಹಿಂದೆ, ಅವ್ವನಿಗೆ ಜ್ವರ ಬಂದ ದಿನ ಫೋನಿನಲ್ಲಿ ತರಿಸಿದ ಊಟದ್ದೋ ಔಷಧಿಯದ್ದೋ ಇರಬೇಕು. ಆ ಕಾಲದ ರಸೀದಿಗಳನ್ನು ಶಾಯಿಯಿಂದಲ್ಲ, ಬಿಸಿಯಿಂದ ಅಚ್ಚು ಹಾಕುತ್ತಿದ್ದರು. ಅಂಥ ಅಕ್ಷರ ಕೆಲವೇ ವರ್ಷಕ್ಕೆ ಮಾಸಿ ಕಾಗದ ಬೋಳಾಗುತ್ತದೆ. ಈಗ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಉಳಿದದ್ದು ಅಪ್ಪನ ದಪ್ಪ ಪೆನ್ಸಿಲು. ಕಟ್ಟಿಗೆಗೆ ಗುರುತು ಹಾಕುವ ಆ ಚಪ್ಪಟೆ ಪೆನ್ಸಿಲಿನಿಂದ ಅವನು ನಾಲ್ಕು ಕಡೆ ಸುತ್ತು ಹಾಕಿ, ಪ್ರತಿಯೊಂದರ ಪಕ್ಕ ಬರೆದಿದ್ದ: ಇದು ಯಾಕ?

ವಿಚಾರಣೆಯ ದಿನ ಮಂಡಳಿಯ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಇರ್ಫಾನ್ ಕೂತಿದ್ದ. ಅವನ ತೊಡೆಯ ಮೇಲೆ ಮುಬೀನಾ, ಅವಳ ತೊಡೆಯ ಮೇಲೆ ಗುಲಾಬಿ ಚೊಂಬು.

ಹೆಬಸೂರ ಮೊದಲು ಮಾತಾಡಿದ. “ಸ್ವಾಮಿ, ನಾವು ಏನನ್ನೂ ಬಚ್ಚಿಟ್ಟಿಲ್ಲ. ಒಟ್ಟು ಬೆಲೆ ಗಾಜಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತದೆ. ಒಪ್ಪಿದರೆ ಕೊಳ್ಳಬಹುದು, ಇಲ್ಲವಾದರೆ ಬಿಟ್ಟು ಹೋಗಬಹುದು. ಸರಕಾರ ಇಂಥದ್ದನ್ನೆಲ್ಲ ನಿಷೇಧಿಸುತ್ತ ಹೋದರೆ ಎಲ್ಲರ ಬೆಲೆಯೂ ಏರುತ್ತದೆ. ಕಾಯಬಲ್ಲವರಿಗೆ ಈಗ ಅಗ್ಗವಾಗಿ ಸಿಗುತ್ತಿದೆಯಲ್ಲ, ಅದನ್ನೂ ನೋಡಬೇಕು.”

“ಏನ್ ಬಿಟ್ಟು ಹೋಗಬೇಕ್ರಿ? ಉಸಿರಾಡೂದನ್ನ?” ಎಂದಳು ದ್ಯಾಮವ್ವ ಕೂತಲ್ಲಿಂದಲೇ.

ಸಭೆ ನಕ್ಕಿತು. ಅಧ್ಯಕ್ಷರು ಮೇಜು ತಟ್ಟಿದರು. ಅವರು ಕೆಟ್ಟವರಲ್ಲ, ಕನ್ನಡಕ ಒರೆಸುತ್ತ, ದಣಿದ ದನಿಯಲ್ಲಿ, “ಡಾ. ಬಡಿಗೇರ, ನಿಮ್ಮ ವರದಿ ಓದಿ,” ಎಂದರು.

“ಈ ವರದಿಗೆ ನಾನು ಸಹಿ ಹಾಕಿಲ್ಲ,” ಎಂದಳು ನಿರುಪಮಾ. “ಪರಿಚಯ ಪರದೆಯನ್ನೂ ಮಾಡಿಕೊಡುವುದಿಲ್ಲ. ಬೆಲೆಯೊಳಗೆ ಶುಲ್ಕ ಕರಗಿಹೋಗುತ್ತದೆ ಎನ್ನುವುದು ಸುಳ್ಳು. ಯಂತ್ರದೊಳಗೆ ಎರಡು ಖಾನೆಗಳಿವೆ. ಒಂದರಲ್ಲಿ ಮದ್ದಿನ ಬೆಲೆ, ಇನ್ನೊಂದರಲ್ಲಿ ಮನುಷ್ಯನ ಭಯದ ಬೆಲೆ. ಗಾಜಿನ ಮೇಲೆ ಮೂಡುವ ಮುಂಚಿನ ಕ್ಷಣದವರೆಗೂ ಅವು ಬೇರೆಬೇರೆಯಾಗಿಯೇ ಇರುತ್ತವೆ. ನೋಡಿ.”

ಗೋಡೆಯ ಮೇಲೆ ಇರ್ಫಾನನ ಖರೀದಿ ಮೂಡಿತು. ಮದ್ದು, ಒಂದು ಸಾವಿರದ ನೂರು. ತ್ವರೆ, ಮೂರು ಸಾವಿರದ ನೂರು. ಅದರ ಕೆಳಗೆ ದ್ಯಾಮವ್ವನಿಗೆ ಕೇಳಿದ ಬೆಲೆ. ಮದ್ದು, ಒಂದು ಸಾವಿರದ ನೂರು. ತ್ವರೆ, ನಾಲ್ಕು ಸಾವಿರ. ಸಭೆಯಲ್ಲಿ ಯಾರೋ ಕೆಟ್ಟದಾಗಿ ಬೈದರು. ಇರ್ಫಾನ್ ಮಗಳನ್ನೆತ್ತಿಕೊಂಡು ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

ಅಧ್ಯಕ್ಷರು ಕಾಯ್ದೆಯ ಪುಟ ತಿರುವಿದರು. “ಡಾಕ್ಟರೇ, ಪರದೆ ಆರಿಸಿ. ಒಂದೇ ಬೆಲೆ ಕಾಯ್ದೆಯ ಪ್ರಕಾರ ಶುಲ್ಕವನ್ನು ಬೇರೆಯಾಗಿ ತೋರಿಸುವುದು ಅಪರಾಧ. ನೀವೀಗ ಅಪರಾಧ ಮಾಡುತ್ತಿದ್ದೀರಿ.”

“ಕಿತ್ತುಕೊಂಡವರದು ಅಪರಾಧವಲ್ಲ, ತೋರಿಸಿದ ನನ್ನದು ಅಪರಾಧವೆ?”

“ಅವರು ತೋರಿಸಿಲ್ಲವಲ್ಲ.”

ಮಂಡಳಿಗೆ ಸಂಬಳ ಕೊಡುವ ಸರಕಾರಕ್ಕೆ ತ್ವರೆಯ ಪ್ರತಿ ರೂಪಾಯಿಯಲ್ಲೂ ತೆರಿಗೆಯ ಪಾಲಿತ್ತು. ಆ ಪಾಲಿನ ಲೆಕ್ಕವೂ ಗೋಡೆಯ ಮೇಲೆ ಮೂಡುವ ಮೊದಲೇ ಗುಮಾಸ್ತ ಪರದೆ ಆರಿಸಿದ.

ನಿರುಪಮಾ ಚೀಲದಿಂದ ಅಪ್ಪನ ರಸೀದಿ ತೆಗೆದು ಅಧ್ಯಕ್ಷರ ಮುಂದಿಟ್ಟಳು. ಅವರು ತಿರುಗಿಸಿ ಮುರುಗಿಸಿ ನೋಡಿದರು. “ಇದರಲ್ಲಿ ಏನೂ ಇಲ್ಲವಲ್ಲ?”

“ಪ್ರಶ್ನೆ ಇದೆ,” ಎಂದಳು. “ಆಗ ಶುಲ್ಕಗಳು ಕಣ್ಣಿಗೆ ಕಾಣುತ್ತಿದ್ದವು. ಐದು ರೂಪಾಯಿ, ಹತ್ತು ರೂಪಾಯಿ. ನಮ್ಮಪ್ಪ ಸುತ್ತು ಹಾಕಿ ಯಾಕೆ ಎಂದು ಕೇಳಿದ. ಆದರೆ ಕಾಗದಕ್ಕೆ ಕೇಳಿದ, ಕಿತ್ತವನಿಗೆ ಕೇಳಲಿಲ್ಲ. ಹತ್ತು ರೂಪಾಯಿಗೆ ಯಾರು ಜಗಳವಾಡುತ್ತಾರೆ ಎಂದು ಎಲ್ಲರೂ ಬೆರಳು ಒತ್ತಿ ದುಡ್ಡು ಕಳಿಸಿದರು. ಇವರು ಎಷ್ಟು ಸುಮ್ಮನಿರುತ್ತಾರೆ ಎಂಬುದನ್ನು ಅಂಗಡಿಯವರು ಅಳೆಯಲು ಕಲಿತದ್ದು ಅವತ್ತೇ. ನನ್ನ ಯಂತ್ರ ಬಂದದ್ದು ಆಮೇಲೆ.”

ಸಭೆಯಲ್ಲಿ ಅರವತ್ತು ಎಪ್ಪತ್ತು ದಾಟಿದವರು ಬಹಳ ಮಂದಿಯಿದ್ದರು. ಆ ಹತ್ತು ರೂಪಾಯಿಗಳ ಕಾಲದಲ್ಲಿ ಅವರೆಲ್ಲ ಪ್ರಾಯದವರು. ಕೈಯಲ್ಲಿ ಫೋನು ಹಿಡಿದು, ಸಣ್ಣ ಅಕ್ಷರದ ಸಾಲುಗಳನ್ನು ಕಂಡೂ ಕಾಣದಂತೆ ಕೆಳಕ್ಕೆ ಜಾರಿಸಿದವರು. ಅವರು ತಲೆ ತಗ್ಗಿಸಿ ತಮ್ಮ ಬೆರಳುಗಳನ್ನು ನೋಡಿಕೊಂಡರು.

ಅಧ್ಯಕ್ಷರು ರಸೀದಿಯನ್ನು ಜೋಪಾನವಾಗಿ ಮಡಚಿ ಹಿಂದಕ್ಕೆ ಕೊಟ್ಟರು. ಕಾಯ್ದೆ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ಶಾಸಕರಿಗೆ ಒಂದು ಟಿಪ್ಪಣಿ ಕಳಿಸಬಹುದು ಎಂದರು. ಆಮೇಲೆ ದ್ಯಾಮವ್ವನ ಕಡೆ ತಿರುಗಿದರು. ದನಿಯಲ್ಲಿ ಕರುಣೆಯಿತ್ತು, ಆ ಕರುಣೆ ಯಾವ ಕೆಲಸಕ್ಕೂ ಬಾರದಂಥದ್ದು.

“ನೋಡವ್ವಾ, ನಿನ್ನ ವಯಸ್ಸು ನೋಡಿ ಹೇಳುತ್ತಿದ್ದೇನೆ. ಕಂಪನಿಯವರೂ ಒಪ್ಪಿದ್ದಾರೆ. ಇಲ್ಲೊಂದು ಮುಚ್ಚಳಿಕೆ ಇದೆ. ಇನ್ನು ಮುಂದೆ ಯಾರಿಗಾಗಿ ಮದ್ದು ಕೊಂಡರೂ ಮೊದಲು ಅವರ ಹೆಸರು, ವಯಸ್ಸು, ಏನಾಗಿದೆ ಎಂದು ಕೇಳಿ ತಿಳಿದುಕೊಂಡೇ ಕಿಂಡಿಗೆ ಹೋಗುತ್ತೇನೆ ಎಂದು ಹೆಬ್ಬೆಟ್ಟು ಒತ್ತು. ಮೊಕದ್ದಮೆ ಮುಗಿಯಿತು. ಇಲ್ಲವಾದರೆ ಐದು ವರ್ಷ ಕಿಂಡಿ ಬಂದ್. ನಿನ್ನ ಗುಳಿಗೆಯೂ ಸಿಗುವುದಿಲ್ಲ.”

ಗುಮಾಸ್ತ ಮುಚ್ಚಳಿಕೆಯ ಫಲಕವನ್ನು ಅವಳ ಮುಂದೆ ಹಿಡಿದ. ಅದರ ಮೂಲೆಯಲ್ಲೂ ತೊಗರಿಬೇಳೆಯಷ್ಟು ಕಣ್ಣೊಂದಿತ್ತು. ಹೆಬಸೂರ ತನ್ನ ಕೈಯಲ್ಲಿದ್ದ ಪರದೆಯನ್ನು ನೋಡುತ್ತಿದ್ದ. ಅವಳ ಸಂಖ್ಯೆ ಏರುವುದನ್ನು ಕಾಯುತ್ತಿದ್ದ.

ದ್ಯಾಮವ್ವ ಫಲಕ ನೋಡಲಿಲ್ಲ. ಸಾಲು ಸಾಲಾಗಿ ಕೂತ ಜನರನ್ನು ನೋಡಿದಳು. ಬಾಯೊಳಗೇ ಏನನ್ನೋ ಎಣಿಸುತ್ತಿದ್ದಳು. ಹೆಬಸೂರನ ಪರದೆಯಲ್ಲಿ ಸಂಖ್ಯೆ ಹದಿನಾಲ್ಕಾಯಿತು. ಹದಿಮೂರಾಯಿತು. ಹನ್ನೊಂದಕ್ಕೆ ಬಂದು ನಿಂತಿತು.

“ಇಲ್ರೀ ಸಾಹೇಬ್ರ,” ಎಂದಳು ದ್ಯಾಮವ್ವ, ಬೆರಳುಗಳನ್ನು ಸೆರಗಿನೊಳಗೆ ಮಡಚಿಕೊಂಡು. “ನಾ ಹೆಸರ ಕೇಳೂದಿಲ್ಲ.”